ಮೇಜಿನ ಮೇಲಿನ ವ್ಯಾಸಪೀಠ

ಲ್ಯಾಪ್‌ಟಾಪೆಂಬ ಯಂತ್ರದಲ್ಲಿ ಕೀಲಿಮಣೆಯೂ ಪರದೆಯೂ ಒಂದೇ ಕೀಲಿಗೆ ಬಂಧಿತವಾಗಿರುವುದರಿಂದ, ಕೈಗೆ ಅನುಕೂಲವಾದ ಎತ್ತರದಲ್ಲಿರಿಸಿದರೆ ಕತ್ತು ಬಾಗುವುದೂ, ಕಣ್ಣಿಗೆ ಹಿತವಾದ ಎತ್ತರಕ್ಕೇರಿಸಿದರೆ ತೋಳು ಸೋಲುವುದೂ ಅನಿವಾರ್ಯವಾಗಿ, ಹಗಲೆಲ್ಲ ಅದರ ಮುಂದೆ ಕುಳಿತವನ ಕೊರಳು ಸುಮಾರು 5 ಕಿಲೋಗ್ರಾಂ ತೂಗುವ ಶಿರಸ್ಸನ್ನು ಹೊತ್ತು ಸಂಜೆಯ ವೇಳೆಗೆ ಬಳಲಿರುತ್ತದೆ. ಪ್ರತ್ಯೇಕ ಮಾನಿಟರನ್ನು ತಂದಮೇಲೂ ಅದನ್ನು ಮೇಜಿನ ಮೂಲೆಗೆ ಸರಿಸಿ, ದಿನವಿಡೀ ಕತ್ತನ್ನು ಒಂದೇ ಪಾರ್ಶ್ವಕ್ಕೆ ಹೊರಳಿಸುತ್ತಿದ್ದ ನಾನು ಆ ಕ್ಲೇಶವನ್ನು ಬಹುಕಾಲ ಅನುಭವಿಸಿದೆನು. ಪಾರಾಯಣಕ್ಕೆ ಕುಳಿತ ನಮ್ಮ ಹಿರಿಯರು ಗ್ರಂಥವನ್ನು ನೆಲದ ಮೇಲಿರಿಸದೆ, ವ್ಯಾಸಪೀಠದ ಮೇಲೆ ತಮ್ಮತ್ತ ಓರೆಯಾಗಿ ತೆರೆದಿಟ್ಟುಕೊಳ್ಳುತ್ತಿದ್ದುದರಲ್ಲಿ ಪೂಜ್ಯಭಾವದೊಡನೆ ದೇಹಧರ್ಮದ ಅರಿವೂ ಇದ್ದಿತೆಂದು ನನಗೆ ಈಗ ತೋರುತ್ತದೆ. ಇಂದು ನನ್ನ ಮೇಜಿನ ನಟ್ಟನಡುವೆ ಮಾನಿಟರು, ಒಂದು ತೋಳಳತೆಯ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರುವಂತೆ ನಿಂತಿದೆ. ಲ್ಯಾಪ್‌ಟಾಪು ದಪ್ಪನೆಯ ನಿಘಂಟುಗಳೆರಡರ ಮೇಲೇರಿ ಪಕ್ಕದಲ್ಲಿದೆ. ಪ್ರತಿಫಲನವು ಕಣ್ಣನ್ನು ಕುಕ್ಕದಂತೆ ಕಿಟಕಿಯು ಎದುರಿಗೂ ಅಲ್ಲ, ಬೆನ್ನಿಗೂ ಅಲ್ಲ, ಎಡಮಗ್ಗುಲಿಗಿದೆ. ಲ್ಯಾಪ್‌ಟಾಪನ್ನು ಹೀಗೆ ಎತ್ತರಿಸಿದವರು ಬೇರೆ ಕೀಲಿಮಣೆಯೊಂದನ್ನು ಕೊಳ್ಳಲು ಹಿಂಜರಿಯಬಾರದೆಂದು ಪ್ರಾರ್ಥಿಸುತ್ತೇನೆ.