ಗಾಡಿ ಯಾರದು?

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಅದರ ಎಡಗಡೆಯ ಒಂದೇ ಲಿವರಿಗೆ ಎರಡು ಕೆಲಸ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಮತ್ತೆ ಮುಂದಕ್ಕೆ ಬಾಗಿಸಿದರೆ ಗೇರು. ಗೊತ್ತಿಲ್ಲದವರು ಕಿಕ್ಕರ್ ಎಲ್ಲಿ ಎಂದು ಎಂಜಿನ್ನಿನ ಸುತ್ತ ಹುಡುಕುತ್ತಾರೆ. ಈಗ ಇಂಥ ಗಾಡಿ ಕಂಡರೆ ಜನ ನಿಂತು ಮಾತಾಡಿಸುತ್ತಾರಲ್ಲ, ‘ಯಾರದು ಸಾರ್ ಇದು?’ ಅಂತ. ಚಿಕ್ಕಪ್ಪ ತಮ್ಮದು ಅನ್ನುವುದಿಲ್ಲ. ‘ನಮ್ಮ ಮೇಸ್ತ್ರಿದು. ನಾನು ಓಡಿಸ್ತೀನಿ, ಅಷ್ಟೇ’ ಅನ್ನುತ್ತಾರೆ.

ಈ ಮಾತು ನನಗೆ ಥಟ್ಟನೆ ನೆನಪಾದದ್ದು 2023ರ ಜುಲೈನಲ್ಲಿ. ನಮ್ಮ ವೆಂಕಟೇಶ್ ಪ್ರಸಾದ್, ಗದುಗಿನ ಸುನೀಲ್ ಜೋಶಿ ಇಬ್ಬರೂ ರಾಂಚಿಗೆ ಹೋಗಿ ಮಹೇಂದ್ರ ಸಿಂಗ್ ಧೋನಿಯವರ ಬೈಕಿನ ಮನೆಯನ್ನು ನೋಡಿದ ವಿಡಿಯೋ ಆಗ ಎಲ್ಲರ ಫೋನಿನಲ್ಲೂ ಓಡಾಡಿತು. ಸಾಲುಸಾಲಾಗಿ ಬೈಕುಗಳು. ಎಷ್ಟೋ ಪಿಚ್ಚುಗಳ ಮೇಲೆ ಬೆವರು ಹರಿಸಿದ ಇಬ್ಬರು ಬೌಲರುಗಳು ಜಾತ್ರೆಗೆ ಬಂದ ಹುಡುಗರ ಹಾಗೆ ಕಣ್ಣರಳಿಸಿಕೊಂಡು ನಿಂತಿದ್ದರು. ಧೋನಿಯ ಸಂಗ್ರಹದಲ್ಲಿ ಕೋಟ್ಯಧೀಶರ ಬೈಕುಗಳೂ ಇವೆ, ಒಂದು ಕಾಲಕ್ಕೆ ನಮ್ಮ ಕಾಲೇಜು ಹುಡುಗರು ಪ್ರಾಣ ಬಿಡುತ್ತಿದ್ದ ಯಮಹಾ ಆರ್‌ಡಿ 350 ಕೂಡ ಇದೆ. ದುಬಾರಿ ಗಾಡಿಯನ್ನು ದುಡ್ಡಿದ್ದವರು ಯಾರು ಬೇಕಾದರೂ ತರಬಹುದು. ಮಾರಾಟ ನಿಂತು ದಶಕಗಳಾದ ಟೂ-ಸ್ಟ್ರೋಕ್ ಗಾಡಿಯನ್ನು ಬಿಡಿಭಾಗ ಹುಡುಕಿಸಿ ಮತ್ತೆ ರಸ್ತೆಗಿಳಿಸಬೇಕಾದರೆ ಬೇರೆಯೇ ಪ್ರೀತಿ ಬೇಕು. ಆ ಪ್ರೀತಿಗೆ ಎಲ್ಲೋ ಒಬ್ಬ ಮೇಸ್ತ್ರಿಯ ಕೈಯೂ ಸೇರಿರಬೇಕು.

ಹೆಸರಾಂತವರ ಹಳೆಯ ಬೈಕುಗಳ ಮಾತು ಬಂದರೆ ನನ್ನ ಮನಸ್ಸು ನೇರ ಹೋಗಿ ನಿಲ್ಲುವುದು ಹಾಲಿವುಡ್ಡಿನ ಸ್ಟೀವ್ ಮೆಕ್ವೀನ್ ಬಳಿ. ಹುಟ್ಟಿದ್ದು 1930ರಲ್ಲಿ. ಮನೆಯ ನೆಮ್ಮದಿ ಕಾಣದೆ, ದಾರಿ ತಪ್ಪಿದ ಮಕ್ಕಳನ್ನು ತಿದ್ದುವ ಶಾಲೆಯಲ್ಲಿ ಬೆಳೆದು, ನೌಕಾಸೈನ್ಯದ ಮರೀನ್ ಪಡೆಯಲ್ಲಿ ದುಡಿದು, ನಟನೆ ಕಲಿಯಲು ನ್ಯೂಯಾರ್ಕಿಗೆ ಬಂದ ಹುಡುಗ. ಅಲ್ಲಿ ಕೊಂಡ ಮೊದಲ ಗಾಡಿ ಸೈಡ್‌ಕಾರ್ ಇದ್ದ ಹಳೆಯ ಇಂಡಿಯನ್ ಚೀಫ್. ಇಂಡಿಯನ್ ಎಂದರೆ ನಮ್ಮ ದೇಶದ್ದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾಗುತ್ತಿದ್ದ ಗಾಡಿ. ಮುಂದೆ ಮೆಕ್ವೀನ್ ನೂರಕ್ಕೂ ಹೆಚ್ಚು ಬೈಕುಗಳನ್ನು ಕೂಡಿಹಾಕಿದರೂ ಇಂಡಿಯನ್ ಮೇಲಿನ ಮೋಹ ಕೊನೆತನಕ ಬಿಡಲಿಲ್ಲ.

1963ರ ‘ದಿ ಗ್ರೇಟ್ ಎಸ್ಕೇಪ್’ ನೋಡಿದವರು ಆ ಬೇಲಿ ಹಾರುವ ದೃಶ್ಯವನ್ನು ಮರೆಯಲಾರರು. ಜರ್ಮನ್ನರ ಸೆರೆಯಿಂದ ತಪ್ಪಿಸಿಕೊಂಡವನು ಬೈಕಿನಲ್ಲಿ ಹುಲ್ಲುಗಾವಲೆಲ್ಲ ಸುತ್ತಿ, ಕೊನೆಗೆ ಮುಳ್ಳುತಂತಿಯ ಬೇಲಿಯನ್ನು ಒಂದೇ ನೆಗೆತಕ್ಕೆ ದಾಟುತ್ತಾನೆ. ತೆರೆಯ ಮೇಲೆ ಅದು ಯುದ್ಧಕಾಲದ ಜರ್ಮನ್ ಸೈನ್ಯದ ಗಾಡಿ. ನಿಜಕ್ಕೂ ಅದು ಬಣ್ಣ ಬದಲಿಸಿ ವೇಷ ಹಾಕಿಸಿದ ಇಂಗ್ಲಿಷ್ ಟ್ರಯಂಫ್ ಟಿಆರ್6. ಬೇಲಿ ಹಾರಿದವರೂ ಮೆಕ್ವೀನ್ ಅಲ್ಲ, ಗೆಳೆಯ ಬಡ್ ಎಕಿನ್ಸ್. ಇವರೂ 1930ರಲ್ಲಿ ಹುಟ್ಟಿದವರೇ. ಕ್ಯಾಲಿಫೋರ್ನಿಯಾದಲ್ಲಿ ಟ್ರಯಂಫ್ ಅಂಗಡಿ ಇಟ್ಟುಕೊಂಡಿದ್ದರು, ಮರುಭೂಮಿಯ ರೇಸುಗಳಲ್ಲಿ ಪಳಗಿದ ಕೈ. ನನಗೆ ಬಹಳ ಹಿಡಿಸುವ ಸಂಗತಿ ಏನೆಂದರೆ, ಆ ನೆಗೆತದ ಕೀರ್ತಿಯನ್ನು ಮೆಕ್ವೀನ್ ತನ್ನದಾಗಿಸಿಕೊಳ್ಳಲಿಲ್ಲ. ಟೀವಿಯಲ್ಲಿ ಕೇಳಿದಾಗಲೂ ಹಾರಿದ್ದು ಎಕಿನ್ಸ್ ಎಂದೇ ಹೇಳಿದರು. ಇನ್ನೊಂದು ಸೊಗಸೂ ಇದೆ. ಬೆನ್ನಟ್ಟುವ ಜರ್ಮನ್ ಸೈನಿಕರ ಸಮವಸ್ತ್ರ ತೊಟ್ಟು ಕೆಲವು ಶಾಟ್‌ಗಳಲ್ಲಿ ಬೈಕ್ ಓಡಿಸಿದವರೂ ಮೆಕ್ವೀನ್. ಒಂದೇ ಸಿನಿಮಾದಲ್ಲಿ ಓಡುವವನೂ ಅವನೇ, ಅಟ್ಟಿಸಿಕೊಂಡು ಬರುವವನೂ ಅವನೇ.

ಮರುವರ್ಷ ಇಬ್ಬರೂ ಪೂರ್ವ ಜರ್ಮನಿಯ ಎರ್ಫುರ್ಟ್‌ಗೆ ಹೋದರು. ಅಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಬೈಕ್ ಪರೀಕ್ಷೆ. ಕಾಡು, ಕೆಸರು, ಕಲ್ಲುಬಂಡೆಗಳ ಮೇಲೆ ದಿನವಿಡೀ ಓಟ. ಉದ್ಘಾಟನೆಯ ದಿನ ಅಮೆರಿಕದ ಬಾವುಟ ಹಿಡಿದು ನಡೆದವರು ಮೆಕ್ವೀನ್. ಎಕಿನ್ಸ್ ಕಾಲು ಮುರಿದುಕೊಂಡರು, ಮೆಕ್ವೀನ್ ಗಾಡಿಯೂ ಅಪಘಾತದಲ್ಲಿ ಜಖಂ ಆಯಿತು, ಓಟ ಇಬ್ಬರಿಗೂ ಅರ್ಧಕ್ಕೇ ಮುಗಿಯಿತು. ಆ ಕೆಸರಿನಲ್ಲಿ ಇವರ ಜೊತೆ ಜೆಕೊಸ್ಲೊವಾಕಿಯದ ಜಾವಾಗಳೂ ಓಡುತ್ತಿದ್ದವು. ಅದೇ ವೇಳೆಗೆ ಮೈಸೂರಿನಲ್ಲಿ, ಜಯಚಾಮರಾಜ ಒಡೆಯರು ಉದ್ಘಾಟಿಸಿದ ಕಾರ್ಖಾನೆಯಿಂದ, ಅದೇ ವಂಶದ ಗಾಡಿಗಳು ಹೊರಬರುತ್ತಿದ್ದವು. ಇದನ್ನು ಮೊದಲ ಸಲ ಚಿಕ್ಕಪ್ಪನಿಗೆ ಹೇಳಿದಾಗ ಅವರು ಎದ್ದುಹೋಗಿ ಯೆಜ್ಡಿಯ ಟ್ಯಾಂಕನ್ನು ಒಮ್ಮೆ ಒರೆಸಿ ಬಂದರು.

ಕೊನೆಯ ವರ್ಷಗಳಲ್ಲಿ ಮೆಕ್ವೀನ್ ಸಾಂಟಾ ಪೌಲಾ ಎಂಬ ಸಣ್ಣ ಊರಿನ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಸ್ವಲ್ಪ ಕಾಲ ಸಂಸಾರ ಹೂಡಿದ್ದರು. ಒಂದು ಕಡೆ ಹಳದಿ ಬಣ್ಣದ ಹಳೆಯ ವಿಮಾನ, ಸುತ್ತ ಹಳೆಯ ಬೈಕುಗಳು, ನಡುವೆ ಮಂಚ. ಯಾವ ನಟನ ಬಂಗಲೆಯ ವರ್ಣನೆಯೂ ನನ್ನನ್ನು ಇಷ್ಟು ಸೆಳೆದಿಲ್ಲ. 1980ರ ನವೆಂಬರ್‌ನಲ್ಲಿ, ಐವತ್ತರ ವಯಸ್ಸಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದಾಗ ತೀರಿಕೊಂಡರು. 1984ರಲ್ಲಿ ಲಾಸ್ ವೇಗಸ್‌ನಲ್ಲಿ ಎಲ್ಲವೂ ಹರಾಜಿಗೆ ಬಂತು. ಒಬ್ಬ ಮನುಷ್ಯ ಒಂದೊಂದಾಗಿ ಹುಡುಕಿ ತಂದದ್ದು ಎರಡು ದಿನದಲ್ಲಿ ನೂರಾರು ಮನೆಗಳಿಗೆ ಚೆದುರಿಹೋಯಿತು.

ಮೆಕ್ವೀನ್ ಹೆಸರಿನೊಡನೆ ಇವತ್ತಿಗೂ ಕೇಳಿಬರುವ ಗಾಡಿ 1915ರ ಸೈಕ್ಲೋನ್. ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಕೆಲವೇ ವರ್ಷ ತಯಾರಾಗಿ ನಿಂತುಹೋದ ಬೈಕು. ಆಗ ಅಮೆರಿಕದಲ್ಲಿ ಮರದ ಹಲಗೆ ಜೋಡಿಸಿ ಕಟ್ಟಿದ ಬಟ್ಟಲಿನಂಥ ರೇಸ್ ಟ್ರ್ಯಾಕುಗಳಿದ್ದವು. ಅಲ್ಲಿ ಓಡುವ ಗಾಡಿಗೆ ಬ್ರೇಕೇ ಇಲ್ಲ. ಎಂಜಿನ್ನಿಗೆ ಹೋದ ಆಯಿಲ್ ವಾಪಸ್ ಬರುವ ಏರ್ಪಾಡಿಲ್ಲ, ಸುಟ್ಟು ಸೋರಿ ಹಲಗೆಯ ಮೇಲೇ ಬೀಳುತ್ತದೆ, ಹಿಂದೆ ಬರುವವನ ಚಕ್ರ ಅದರ ಮೇಲೇ ಉರುಳಬೇಕು. ಎಷ್ಟೋ ಹುಡುಗರು ಸತ್ತರು, ನೋಡಲು ಬಂದವರೂ ಸತ್ತರು. ಅಂಥ ಕಾಲದಲ್ಲಿ ಸೈಕ್ಲೋನಿನವರು ವಾಲ್ವುಗಳನ್ನು ಎಂಜಿನ್ನಿನ ನೆತ್ತಿಯ ಮೇಲಿನ ಕ್ಯಾಮ್‌ಶಾಫ್ಟ್‌ನಿಂದ ಆಡಿಸಿದರು. ಇವತ್ತಿನ ಬೈಕುಗಳಲ್ಲಿ ಮಾಮೂಲಾಗಿರುವ ಉಪಾಯವನ್ನು ನೂರು ವರ್ಷಕ್ಕೂ ಹಿಂದೆಯೇ ಮಾಡಿ ತೋರಿಸಿದ ಜನ ಅವರು. ಒಮ್ಮೆ ಮೆಕ್ವೀನ್ ಬಳಿಯಿದ್ದ ಆ ಸೈಕ್ಲೋನ್ 2015ರ ಹರಾಜಿನಲ್ಲಿ 8 ಲಕ್ಷ ಡಾಲರಿಗೂ ಮೀರಿ ಹೋಯಿತು. ನಟನ ಹೆಸರಿಗೆಷ್ಟು, ಆ ಕ್ಯಾಮ್‌ಶಾಫ್ಟ್ ಕಲ್ಪಿಸಿದ ತಲೆಗೆಷ್ಟು ಎಂದು ಯಾವ ಹರಾಜುಗಾರನೂ ಬಿಡಿಸಿ ಹೇಳುವುದಿಲ್ಲ.

ಇದಕ್ಕಿಂತ ನನ್ನನ್ನು ಕಾಡುವ ಕಥೆ ‘ಈಸಿ ರೈಡರ್’ ಗಾಡಿಯದು. 1969ರ ಆ ಸಿನಿಮಾದಲ್ಲಿ ಪೀಟರ್ ಫೋಂಡಾ ಓಡಿಸುವ, ಟ್ಯಾಂಕಿನ ಮೇಲೆ ಅಮೆರಿಕದ ಬಾವುಟ ಬಳಿದ, ಮುಂದಿನ ಫೋರ್ಕ್ ಉದ್ದಕ್ಕೆ ಚಾಚಿದ ಹಾರ್ಲೆಯನ್ನು ಯಾರು ತಾನೇ ನೋಡಿಲ್ಲ? ಪೊಲೀಸರು ಓಡಿಸಿ ಬಿಟ್ಟ ಹಾರ್ಲೆಗಳನ್ನು ಹರಾಜಿನಲ್ಲಿ ಕೊಂಡು ಆ ಸಿನಿಮಾದ ಬೈಕುಗಳನ್ನು ಕಟ್ಟಿದರು. ಶೂಟಿಂಗ್ ಮುಗಿಯುವ ಹೊತ್ತಿಗೆ ಮೂರು ಕಳುವಾದವು, ಒಂದು ಕೊನೆಯ ದೃಶ್ಯದಲ್ಲಿ ನುಚ್ಚುನೂರಾಯಿತು. ಆ ಚೂರುಗಳಿಂದ ಮತ್ತೆ ಜೋಡಿಸಿದ್ದು ಎನ್ನಲಾದ ಗಾಡಿ 2014ರ ಅಕ್ಟೋಬರ್‌ನಲ್ಲಿ 13.5 ಲಕ್ಷ ಡಾಲರಿಗೆ ಹರಾಜಾಯಿತು. ಅಷ್ಟರಲ್ಲಿ ನಿಜವಾದದ್ದು ಟೆಕ್ಸಾಸ್‌ನಲ್ಲಿದೆ ಎಂಬ ವಾದ ಎದ್ದಿತು. ಎರಡಕ್ಕೂ ‘ಇದೇ ಅಸಲಿ’ ಎಂದು ಕಾಗದ ಬರೆದುಕೊಟ್ಟವರು ಒಬ್ಬರೇ, ನಟ ಡ್ಯಾನ್ ಹ್ಯಾಗರ್ಟಿ.

ಅಸಲಿ ಯಾವುದು ಎಂದು ಜನ ವರ್ಷಗಟ್ಟಲೆ ಜಗಳವಾಡಿದರು. ಕಟ್ಟಿದವರು ಯಾರು ಎಂದು ಕೇಳಿದವರು ಕಡಿಮೆ. ಕಟ್ಟಿದವರು ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ, ಇಬ್ಬರೂ ಕಪ್ಪು ಜನಾಂಗದವರು. ಹಾರ್ಡಿಯ ಅಂಗಡಿ ಲಾಸ್ ಏಂಜಲೀಸ್‌ನ ಕಪ್ಪು ಜನರ ಕೇರಿಯಲ್ಲಿತ್ತು. ಇಡೀ ಜಗತ್ತೇ ನಕಲು ಮಾಡಿದ ಆ ಬೈಕಿನ ಸಿನಿಮಾದಲ್ಲಿ ಇವರ ಹೆಸರು ಬರಲಿಲ್ಲ. ದಶಕಗಳ ಕಾಲ ಹೆಚ್ಚಿನವರಿಗೆ ತಿಳಿಯಲೂ ಇಲ್ಲ. ಇದು ದೊಡ್ಡ ಅನ್ಯಾಯ. ಎಕಿನ್ಸ್‌ಗೆ ಬಾಯಿಬಿಟ್ಟು ಹೆಸರು ಹೇಳುವ ಒಬ್ಬ ಗೆಳೆಯನಿದ್ದ. ಇವರಿಗೆ ಇರಲಿಲ್ಲ.

ಹಳೆಯ ಗಾಡಿಗಳನ್ನು ಗಾಜಿನ ಹಿಂದೆ ಇಡದೆ ಓಡಿಸುವವರ ಮೇಲೆ ನನಗೆ ಗೌರವ ಜಾಸ್ತಿ. ಅಮೆರಿಕದ ಟೀವಿ ನಿರೂಪಕ ಜೇ ಲೆನೊ ಅಂಥವರು. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿರುವ ಅವರ ಗ್ಯಾರೇಜಿನಲ್ಲಿ ನೂರಕ್ಕೂ ಹೆಚ್ಚು ಬೈಕುಗಳಿವೆ, ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ. 2023ರ ಜನವರಿಯಲ್ಲಿ 1940ರ ಇಂಡಿಯನ್ ಓಡಿಸುತ್ತಿದ್ದಾಗ ಪೆಟ್ರೋಲ್ ವಾಸನೆ ಬಂತೆಂದು ಪಕ್ಕಕ್ಕೆ ತಿರುಗಿಸಿದರು. ಪಾರ್ಕಿಂಗ್ ಜಾಗಕ್ಕೆ ಅಡ್ಡ ಯಾರೋ ಕಟ್ಟಿದ್ದ ತಂತಿ ಕಾಣಲಿಲ್ಲ. ಕೊರಳ ಮೂಳೆ, ಎರಡು ಪಕ್ಕೆಲುಬು ಮುರಿದವು. ಆಗ ಅವರಿಗೆ ಎಪ್ಪತ್ತೆರಡು. ಸ್ವಲ್ಪ ದಿನಕ್ಕೇ ಮತ್ತೆ ಕೆಲಸಕ್ಕೆ ಬಂದರು.

ಲೆನೊ ಬಹಳ ಪ್ರೀತಿಸುವ ಬ್ರಫ್ ಸುಪೀರಿಯರ್ ಗಾಡಿಯ ಹೆಸರೆತ್ತಿದರೆ ಟಿ. ಇ. ಲಾರೆನ್ಸ್ ನೆನಪಾಗಲೇಬೇಕು, ಅರೇಬಿಯಾದ ಲಾರೆನ್ಸ್. ಒಂದಾದ ಮೇಲೊಂದು ಏಳು ಬ್ರಫ್‌ಗಳನ್ನು ಓಡಿಸಿದವರು. 1935ರ ಮೇ ತಿಂಗಳಲ್ಲಿ ಡಾರ್ಸೆಟ್ಟಿನ ತಮ್ಮ ಮನೆಯ ಹತ್ತಿರ, ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳು ಶಸ್ತ್ರವೈದ್ಯರಿದ್ದರು. ಆ ಸಾವು ಅವರ ಮನಸ್ಸಿನಲ್ಲಿ ನಾಟಿತು. ಬೈಕಿನವರ ತಲೆಗೆ ಆಗುವ ಪೆಟ್ಟಿನ ಬಗ್ಗೆ ಅವರು ಮಾಡಿದ ಸಂಶೋಧನೆಯಿಂದ 1941ರಲ್ಲಿ ಬ್ರಿಟಿಷ್ ಸೈನ್ಯದ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು.

ಹೋದ ವರ್ಷ ಯೆಜ್ಡಿಯ ಎಂಜಿನ್ ಮಾಡಿಸಬೇಕಾಯಿತು. ಚಿಕ್ಕಪ್ಪನ ಮೇಸ್ತ್ರಿ ಈಗಿಲ್ಲ, ಮಗ ಅದೇ ಶೆಡ್ಡಿನಲ್ಲಿ ಕೂತಿದ್ದಾರೆ. ಬಲಗಡೆಯ ಕವರ್ ಬಿಚ್ಚಿದರು. ಒಳಮೈಯಲ್ಲಿ, ಆಯಿಲ್ ಜಿಡ್ಡಿನ ಕೆಳಗೆ, ಏನೋ ಗೀರುಗಳು ಕಂಡವು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸೂಜಿಯಿಂದ ಕೊರೆದ ತಾರೀಖುಗಳ ಸಾಲು, ಎಂಜಿನ್ ಬಿಚ್ಚಿದ ಪ್ರತಿಸಲದ್ದು. ಪ್ರತಿಯೊಂದರ ಮುಂದೆ ಒಂದೇ ಅಕ್ಷರ, ಮೇಸ್ತ್ರಿಯ ಹೆಸರಿನ ಮೊದಲಕ್ಷರ. ಮಗ ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತರು.

‘ಸೂಜಿ ಇದೆಯೇನಪ್ಪಾ?’ ಅಂದರು ಚಿಕ್ಕಪ್ಪ.

‘ಇದೆ ಸಾರ್’ ಅಂದು ಅವರು ಕೈ ಒರೆಸಿಕೊಂಡರು.