ಈ ಪುಟ ಅತ್ತಿ ಮುಂದ ಓದಬ್ಯಾಡ

ಕುಂದಾಪುರ, ಲಾಡ್ಜಿನ ಖೋಲಿ
ಡಿಸೆಂಬರ್, ರಾತ್ರಿ ಹನ್ನೊಂದೂವರಿ

ತಂಗೀ,

ಫೋನ್ ಇರುವಾಗ ಪತ್ರ ಯಾಕ ಅಂತ ನಗಬ್ಯಾಡ. ಫೋನಿನ್ಯಾಗ ನೀ ಬರೇ "ಹಾಂ, ಹಾಂ" ಅಂತಿ, ಹಿಂದ ಕುಕ್ಕರ್ ಸೀಟಿ ಹೊಡೀತೈತಿ, ಅಷ್ಟರಾಗ ಅತ್ತಿ ಫೋನ್ ಕಸಗೊಂಡು "ಗಾಡಿ ಎಲ್ಲೆರ ನಿಂತೈತೇನು?" ಅಂತ ಕೇಳ್ತಾರ. ಪತ್ರ ಆದ್ರ ನೀ ಆರಿಸಿ ಓದಿ ಹೇಳಬಹುದು. ಮೊದಲಿನ ಪುಟ ಅತ್ತಿ ಮುಂದ ದೊಡ್ಡ ದನಿ ಮಾಡಿ ಓದು. ಎರಡನೇದು ನಿನಗಷ್ಟ.

ಮೊದಲ ದ್ರಾಕ್ಷಿ ಹೊಲದ ಮಾತು. ಅಲ್ಲೆ ಮೋಡ ಹಾಕೈತೇನು? ಕಾಳು ಕಟ್ಟೂ ಹೊತ್ತಿನ್ಯಾಗ ಮಂಜು ಬಿದ್ರ ದಾವಣಿ ರೋಗ ಬರೂದು ಗ್ಯಾರಂಟಿ. ನಿನ್ನ ಗಂಡಗ ಹೇಳು, "ಅಣ್ಣ ಬರ್ಲಿ, ಕೇಳಿ ಹೊಡಿಯೂಣು" ಅಂತ ಕುಂಡ್ರಬ್ಯಾಡ. ಬಾಂದದ ಕಡಿ ಇರೋ ನಾಕು ಸಾಲಿಗೆ ಬ್ಲೋವರ್ ಸರಿಯಾಗಿ ಮುಟ್ಟಂಗಿಲ್ಲ, ಅಲ್ಲೆ ಕೈಪಂಪಿಲೆ ಹೊಡಸು. ಈ ಪತ್ರ ಮುಟ್ಟೂದ್ರೊಳಗ ನೀ ಎಲ್ಲಾ ಮಾಡಿಸಿರ್ತಿ, ಗೊತ್ತೈತಿ. ಬರೀಲಿಲ್ಲಂದ್ರ ನನಗ ನಿದ್ದಿ ಬರಂಗಿಲ್ಲ, ಅದಕ್ಕ ಬರ್ದೀನಿ.

ಇನ್ನ ಅತ್ತಿಗಿ. ಗಾಡಿ ಚಲೋ ಓಡಾಕತ್ತೈತಿ. ಅವ್ರ ಮಗ ಹೊತ್ತಿಗೆ ಸರಿಯಾಗಿ ಉಣ್ಣಾಕತ್ತಾರ, ಸ್ವೆಟರ್ ಹಾಕ್ಕೊಂಡಾರ (ಇಲ್ಲೆ ಬೆವರು ಇಳಿಯಾಕತ್ತೈತಿ, ಅದು ಬ್ಯಾರೆ ಮಾತು). ಹುಬ್ಬಳ್ಳ್ಯಾಗ ಎಲ್ಲಾ ಹಳೇ ಗಾಡಿ ಮಂದಿ ಕೂಡಿದ್ರು. ಸೊಲ್ಲಾಪುರದವ್ರ ಡುಕ್ಕರ್ ಫಿಯಾಟ್, ಬೆಳಗಾವಿಯವ್ರ ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ವಿಲ್ಲೀಸ್ ಜೀಪ, ಉಳಿದದ್ದು ಅಂಬಾಸಿಡರ್. ನಮ್ಮದು 1971ರ ಫಿಯಾಟ್ 1100 ಡಿಲೈಟ್, ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನ್ಯಾಗ ಆದದ್ದು ಅಂತ ನಿಮ್ಮ ಭಾವ ಊರೂರಿಗೂ ಹೇಳಿ ಹೇಳಿ, ಈಗ ನಾನೂ ನಿದ್ದ್ಯಾಗ ಎಬ್ಬಿಸಿದ್ರ ಹೇಳ್ತೀನಿ: ನಾಕು ಸಿಲಿಂಡರ್, 1089 ಸಿ.ಸಿ., ಸ್ಟೀರಿಂಗ್ ಬಾಜೂಕ ಹ್ಯಾಂಡ್ ಗೇರು. ಅತ್ತಿಗಿ ಇದನ್ನೂ ಹೇಳು: ನಮ್ಮ ವಿಜಯಪುರದ ಮಗ್ಗಲಾಗಿ ಹೋಗೂ 52ನೇ ಹೆದ್ದಾರಿ ಐತೆಲ್ಲ, ಅದನ್ನ ಹಿಡಕೊಂಡು ಬಿಡದಂಗ ಹೋದ್ರ ಅಂಕೋಲಾದ ಹತ್ರ ಸಮುದ್ರದ ದಂಡಿಗೆ ಮುಟ್ತೀವಿ. ಹುಬ್ಬಳ್ಳಿಗೆ ಹೋಗಾಗ ಕೊಲ್ಹಾರದ ಸೇತುವಿ ಮ್ಯಾಲ ಗಾಡಿ ನಿಲ್ಲಿಸಿ ಕೃಷ್ಣಾ ತಾಯಿಗೆ ಅತ್ತಿ ಕೊಟ್ಟ ರೊಕ್ಕ, ಅರಿಷಿಣ, ಕುಂಕುಮ ಬಿಟ್ಟೀನಿ. ಗೋಕರ್ಣದಾಗ ಆತ್ಮಲಿಂಗದ ದರ್ಶನ ಆತು. ಮುರ್ಡೇಶ್ವರದ ಶಿವ 123 ಅಡಿ ಎತ್ತರ ಅದಾನ. ಆದ್ರ ಅಲ್ಲೆ ಬಂದ ಕಾಲೇಜ್ ಹುಡುಗ್ರು ಶಿವನ್ನ ಬಿಟ್ಟು ನಮ್ಮ ಗಾಡಿ ಫೋಟೋ ತಗದ್ರು. ಒಬ್ಬಾಕಿ ನನ್ನ ಮುಂದಿನ ಸೀಟಿನ್ಯಾಗ ಕುಂಡ್ರಿಸಿ, ಸೆರಗು ಸರಿ ಮಾಡಿ, "ಆಂಟಿ, ಸ್ವಲ್ಪ ಆ ಕಡೆ ನೋಡಿ" ಅಂದ್ಳು. ನಾ ರಾಣಿಗತೆ ನೋಡಿದೆ. ಫೋಟೋ ನಿನ್ನ ಮೊಬೈಲಿಗೆ ಬಂದಿರಬೇಕು.

ಅರಬೈಲ್ ಘಾಟಿನ್ಯಾಗ ಎರಡನೇ ಗೇರಿನ್ಯಾಗ ಇಳದ್ವಿ, ಅಂಜಿಕಿ ಆಗ್ಲಿಲ್ಲ. ಶಿರೂರಿನ್ಯಾಗ ಮಾತ್ರ ಗಾಡ್ಯಾಗ ಯಾರೂ ಮಾತಾಡ್ಲಿಲ್ಲ. 2024ರ ಜುಲೈ 16ಕ್ಕ ಗುಡ್ಡ ಕುಸಿದು ಹೆದ್ದಾರಿ ಮ್ಯಾಲ ಬಿತ್ತಲ್ಲ, ಟಿ.ವಿ. ಮುಂದಿಂದ ಎದ್ದಿದ್ದಿಲ್ಲ ನಾವು, ಅದ ಜಾಗಾ. ರಸ್ತೆ ಬಾಜೂಕ ಚಾದಂಗಡಿ ಇಟ್ಟಿದ್ದ ಮನಿತನ, ಲಾರಿ ನಿಲ್ಲಿಸಿದ್ದ ಡ್ರೈವರ್, ಎಲ್ಲಾ ಹೋದ್ರು. ಗುಡ್ಡದ ಕೆಂಪು ಮೈ ಇನ್ನೂ ಕಾಣ್ತೈತಿ, ಕೆಳಗ ಗಂಗಾವಳಿ ಸುಮ್ಮ ಹರೀತಾಳ. ಅಲ್ಲೆ ನಿಲ್ಲಬ್ಯಾಡ್ರಿ ಅಂದೆ, ನಿಮ್ಮ ಭಾವ ನಿಲ್ಲಿಸ್ಲಿಲ್ಲ.

ಇಲ್ಲಿಗೆ ಅತ್ತಿದು ಮುಗೀತು. ಪುಟ ತಿರುವಿ, ಚಾ ಇಟ್ಕೊಂಡು, ಒಬ್ಬಾಕಿ ಓದು.

ಗಾಡಿ ನಿಂತಿತು.

ಹೊನ್ನಾವರದ ಶರಾವತಿ ದಾಟಿದ್ವಿ, ಬಾಜೂಕ ಕೊಂಕಣ ರೈಲ್ವೆದಾಗ ಎಲ್ಲಾದಕ್ಕೂ ಉದ್ದನ್ನ ಸೇತುವಿ ಐತಂತ, ನಿಮ್ಮ ಭಾವ ಅದನ್ನ ತೋರಿಸಿಕೋತ ಹೊಂಟಿದ್ರು. ಮಂಕಿ ಅಂತ ಊರು ಬಂತು. ಮಟಮಟ ಮಧ್ಯಾಹ್ನ. ರಸ್ತೆ ಕೆಲಸಕ್ಕ ಗಾಡಿಗಳೆಲ್ಲಾ ಹಿಂದಿಂದ ಹಿಂದ ನಿಂತಿದ್ದು, ನಮ್ಮದು ನಿಂತಲ್ಲೇ ಒಂದ್ಸಲ ಕೆಮ್ಮಿ ಸುಮ್ಮನಾತು. ಹಿಂದಿನ ಲಾರಿ ಹಾರ್ನ್ ಹೊಡಿಯಾಕತ್ತಿತು. ನಮ್ಮವ್ರೆಲ್ಲಾ ಕೂಡಿ ನೂಕಿ ದಂಡಿಗೆ ಹಚ್ಚಿದ್ರು.

ಇನ್ನ ಗಂಡಸ್ರ ಸಭಾ ಚಾಲೂ ಆತು ನೋಡು. ಬಾನೆಟ್ ಎತ್ತಿ ಅಷ್ಟೂ ಮಂದಿ ಒಳಗ ತಲಿ ಹಾಕಿದ್ರು. ಒಬ್ಬ ಕಂಡೆನ್ಸರ್ ಹೋಗೈತಿ ಅಂದ. ಇನ್ನೊಬ್ಬ ಪಾಯಿಂಟ್ ಸುಟ್ಟೈತಿ ಅಂದ. ಬೆಳಗಾವಿಯವ್ರು ಕಾರ್ಬೊರೇಟರಿನ್ಯಾಗ ಕಸ ಅಂದ್ರು. ಹುಬ್ಬಳ್ಳಿಯ ಹಿರ್‍ಯಾರು ಎಲ್ಲಾರನೂ ಸರಿಸಿ, ಪೆಟ್ರೋಲ್ ಪೈಪ್ ಮುಟ್ಟಿ ನೋಡಿ, ಬೊಟ್ಟು ಝಾಡಿಸಿಕೊಂಡು, "ವೇಪರ್ ಲಾಕ್" ಅಂತ ತೀರ್ಪು ಕೊಟ್ರು. ಅಂದ್ರ ಏನಂದ್ರ, ಇಂಜಿನ್ ಮೈಗೆ ಹತ್ತಿದ ಎ.ಸಿ. ಪಂಪ್ ಅಂತ ಇರ್ತೈತಿ, ಟ್ಯಾಂಕಿನಿಂದ ಪೆಟ್ರೋಲ್ ಜಗ್ಗೂದು ಅದರ ಕೆಲಸ. ಗಾಡಿ ನಿಂತಲ್ಲೇ ನಿಂತು ಇಂಜಿನ್ ಕಾದ್ರ ಪೈಪಿನೊಳಗಿನ ಪೆಟ್ರೋಲ್ ಆವಿ ಆಗ್ತೈತಿ, ಪಂಪಿಗೆ ಆವಿ ಜಗ್ಗಾಕ ಬರಂಗಿಲ್ಲ. ಹಸಿ ಅರಿವಿ ಸುತ್ತಿ ಆರೂತನ ಕಾಯೂದ ಔಷಧ.

ಅಷ್ಟಕ್ಕ ಮುಗೀಲಿಲ್ಲ. ಸೊಲ್ಲಾಪುರದವ್ರು ಪೆಟ್ರೋಲಿನ ಮ್ಯಾಲ ಜಗಳ ತಗದ್ರು. ಈಗ ಬರೂ ಪೆಟ್ರೋಲಿನ್ಯಾಗ ನೂರಕ್ಕ 20 ಪಾಲು ಎಥೆನಾಲ್, ಅದು ಲಗೂ ಆವಿ ಆಗ್ತೈತಿ, ಹಳೇ ರಬ್ಬರ್ ಪೈಪು, ಪ್ಯಾಕಿಂಗ್ ಎಲ್ಲಾ ತಿಂದು ಹಾಕ್ತೈತಿ, ಹಳೇ ಗಾಡಿಗೆ ಇದು ವಿಷ ಅಂದ್ರು. ನಿಮ್ಮ ಭಾವಗ ಸಿಟ್ಟು ಬಂತು. "ಎಥೆನಾಲ್ ಎಲ್ಲಿಂದ ಬರ್ತೈತ್ರಿ? ನಮ್ಮ ಕೃಷ್ಣಾ ದಂಡಿ ಕಬ್ಬಿನಿಂದ. ನಮ್ಮ ಬೀಗರು ಕಬ್ಬ ಹಚ್ಚ್ಯಾರ, ಅವ್ರ ಹೊಟ್ಟಿ ಮ್ಯಾಲ ಹೊಡೀತೀರೇನು?" ಅಂದ್ರು. ಗಾಡಿ ರಸ್ತೆ ದಂಡ್ಯಾಗ ಕೆಟ್ಟು ನಿಂತೈತಿ, ಇವ್ರು ಸಕ್ಕರಿ ಕಾರ್ಖಾನಿ ಲೆಕ್ಕ ಹಚ್ಚ್ಯಾರ! ಬೀಗರ ಕಬ್ಬಿನ ಬಿಲ್ ಬಂತೇನು, ಅದನ್ನೂ ಒಂದ್ಸಲ ಕೇಳಿ ಇಡು. ನಮ್ಮ ಕಡಿಂದ ಒಯ್ದ ಕೈಗಡ ಅದರ ಮ್ಯಾಲ ನಿಂತೈತಿ.

ನಾ ಬಿಸಲಾಗ ನಿಂತಿದ್ದೆ. ಎದುರಿಗೆ ಹೆಂಚಿನ ಮನಿ, ಅಂಗಳದಾಗ ತುಳಸಿಕಟ್ಟಿ, ಬಾವಿ, ಬಾವಿ ಬಾಜೂಕ ಬಸಳಿ ಚಪ್ಪರ. ಹಸಿ ಅರಿವಿ ಕೇಳೂಣು ಅಂತ ಹೋದೆ. ನನಗಿಂತ ನಾಕು ವರ್ಷ ಹಿರೇ ಹೆಣಮಗಳು, ಕೈಯಾಗ ಕತ್ತಿ ಹಿಡಕೊಂಡು ತೆಂಗಿನ ಗರಿ ಸೀಳಾಕತ್ತಿದ್ದಳು. "ಎಂಥ ಆಯ್ತು? ಬಿಸ್ಲಲ್ಲಿ ಎಂಥಕ್ಕೆ ನಿಂತ್ರಿ? ಒಳಗೆ ಬನ್ನಿ" ಅಂದ್ಳು. ಅರಿವಿ ಕೇಳಿದ್ದಕ್ಕ ಗೋಣಿಚೀಲ ಹಸಿ ಮಾಡಿ ತಾನ ಒಯ್ದು ಕೊಟ್ಟಳು. ಬಾನೆಟ್ ಒಳಗ ಬಗ್ಗಿ ನೋಡಿ, "ಇಷ್ಟು ಜನ ಇದ್ದೂ ಆಗ್ಲಿಲ್ವಾ?" ಅಂದ್ಳು. ಯಾರೂ ಉತ್ತರ ಕೊಡ್ಲಿಲ್ಲ.

ಆಮ್ಯಾಲ ನನ್ನ ಕೇಳಿದ್ದು ಒಂದ ಮಾತು, "ನೀವು ಮೀನು ತಿಂತ್ರಾ?" ಇಲ್ಲ ಅಂದೆ. ಒಲಿ ಮ್ಯಾಲಿಂದ ಒಂದು ಪಾತೇಲಿ ಇಳಿಸಿ ಮುಚ್ಚಿಟ್ಟಳು, ಕೈ ತೊಳಕೊಂಡು ಬ್ಯಾರೆ ಪಾತೇಲಿ ಇಟ್ಟಳು. ನಾ ಬ್ಯಾಡ ಬ್ಯಾಡ ಅನ್ನೂದ್ರೊಳಗ ಬಸಳಿ ಸೊಪ್ಪು ಕೊಯ್ದು ಆಗಿತ್ತು, ತೆಂಗಿನಕಾಯಿ ತುರದು ಆಗಿತ್ತು. ಕುಚಲಕ್ಕಿ ಗಂಜಿ, ಬಸಳಿ ಹುಳಿ, ಮಾವಿನ ಮಿಡಿ ಉಪ್ಪಿನಕಾಯಿ, ಕುಡಿಯಾಕ ಮುರುಗಲು ಸಾರು, ಕೆಂಪಗ, ಹುಳಿ, ಒಂದು ಬಟ್ಟಲ ಕುಡದ್ರ ಬಿಸಲು ನೆತ್ತಿಂದ ಇಳೀತೈತಿ. ಗಂಜಿಯ ಅನ್ನ ದಪ್ಪ ಇರ್ತೈತಿ, ಮೊದಲ ನನಗ ಗಂಟಲದಾಗ ಇಳೀಲಿಲ್ಲ. ಮಿಡಿ ಕಡಕೊಂಡು ಉಂಡ ಮ್ಯಾಲ ಮತ್ತ ಹಾಕಿಸಿಕೊಂಡೆ. ಸಭಾದವ್ರನ್ನೂ ಕರದಳು. ಕಂಡೆನ್ಸರ್, ಕಾರ್ಬೊರೇಟರ್ ಎಲ್ಲಾ ಮರ್ತು ಜಗಲಿ ಮ್ಯಾಲ ಸಾಲಾಗಿ ಕುಂತು ಉಂಡ್ರು. ಎಥೆನಾಲ್ ವಿರೋಧ ಪಕ್ಷದವ್ರು ಮೂರು ಸಲ ನೀಡಿಸಿಕೊಂಡ್ರು.

ನಾ ಬುತ್ತಿ ಬಿಚ್ಚಿ ನಿನ್ನ ಕೈಯಿನ ಖಟಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಮುರದು ಬಾಯಾಗ ಹಾಕ್ಕೊಂಡು ಅಗದಾಕಿನ ಬಿದ್ದು ಬಿದ್ದು ನಕ್ಕಳು, ಹಲ್ಲು ಇದ್ದವ್ರಿಗೆ ಮಾತ್ರನಾ ಇದು ಅಂತ. ಒಣದ್ರಾಕ್ಷಿ ಪಾಕೀಟ ಕೊಟ್ಟಾಗ ಮಾತ್ರ ನಗು ನಿಲ್ಲಿಸಿ, ಇದು ನಿಮ್ಮ ತೋಟದ್ದಾ, ನೀವೇ ಮಾಡ್ತ್ರಾ ಅಂತ ಕೇಳಿದಳು. ದ್ರಾಕ್ಷಿ ಔಷಧದ ನೀರಾಗ ಅದ್ದಿ, ಶೆಡ್ಡಿನ ಜಾಳಿಗಿ ಮ್ಯಾಲ ನೆರಳಿನ್ಯಾಗ ಹರವಿ ಒಣಗಿಸ್ತೀವಿ, ನಾಕು ಕಿಲೋ ಹಣ್ಣಿಗೆ ಒಂದು ಕಿಲೋ ಬರ್ತೈತಿ ಅಂದೆ. ನೀರು ಎಲ್ಲಿಂದ ತರ್ತ್ರಿ ಅಂದ್ಳು.

ಆವಾಗ ಹತ್ತಿತು ನೋಡು ನಮ್ಮ ಮಾತು. ಏತ ನೀರಾವರಿ ನೀರು ಬರೂಕಿಂತ ಮೊದಲ ನಾವು ಬ್ಯಾಸಗಿ ತುಂಬ ಟ್ಯಾಂಕರ್ ಹಚ್ಚಿ ಬಳ್ಳಿ ಉಳಿಸಿದ್ದು, ನಿನ್ನ ಪಾಟ್ಲಿ ಸೊಸೈಟ್ಯಾಗ ಇಟ್ಟದ್ದು, ಎಲ್ಲಾ ಹೇಳಿದೆ. ಈಗ ತುಬಚಿ-ಬಬಲೇಶ್ವರ ಯೋಜನಾದ ನೀರು ಬಂದು ಕೆರಿ ತುಂಬತಾವ, ಆದ್ರೂ ರಾತ್ರಿ ಬೋರು ನಿಂತ ಸಪ್ಪಳಾದ್ರ ಎಚ್ಚರ ಆಗ್ತೈತಿ ಅಂದೆ. ಆಕಿ ಎದ್ದು ನನ್ನ ಬಾವಿ ಕಟ್ಟಿಗೆ ಕರ್ಕೊಂಡು ಹೋದ್ಳು. ನೀರು ಕೈಗೆ ಸಿಗೂವಷ್ಟು ಮ್ಯಾಲ ಐತಿ, ಆ ಕಡಿ ಮರಗಳ ನಡುವ ಸಮುದ್ರ ಹೊಳೀತೈತಿ. ನಮ್ಮ ಕಡಿ ಮಂದಿ ನೋಡಿದ್ರ ಪುಣ್ಯವಂತರು ಅಂತಾರ. ಏಪ್ರಿಲ್ ಬಂದ್ರ ಈ ಬಾವಿ ಉಪ್ಪಾಗ್ತದೆ ಅಂದ್ಳು. ಮ್ಯಾಲಿನ ಸಿಹಿ ನೀರು ಕಡಿಮಿ ಆಗ್ತೈತಿ, ಉಬ್ಬರದಾಗ ಸಮುದ್ರದ ನೀರು ಹಳ್ಳದಾಗ ಒಳಗ ಬರ್ತೈತಿ, ಬ್ಯಾಳಿ ಬೇಯಂಗಿಲ್ಲ, ಚಾ ಒಡೀತೈತಿ. ಮಳಿಗಾಲದಾಗ ಅಂಗಳದಾಗ ಮೊಣಕಾಲ ಮಟ ನೀರು, ಮೇ ತಿಂಗಳದಾಗ ಪಂಚಾಯಿತಿ ಟ್ಯಾಂಕರಿಗೆ ಕೊಡ ಹಿಡಕೊಂಡು ಪಾಳಿ. ಟ್ಯಾಂಕರಿನವ್ನ ನಂಬರ್ ತನ್ನ ಮಗನ ನಂಬರಿಗಿಂತ ಮ್ಯಾಲ ಐತಿ ಮೊಬೈಲಿನ್ಯಾಗ ಅಂತ ತೋರಿಸಿದಳು. ನನ್ನ ಮೊಬೈಲಿನ್ಯಾಗೂ ಹಂಗ ಐತಿ, ತೋರಿಸಿದೆ. ಸಮುದ್ರದ ದಂಡಿಗೆ ಕುಂತಾಕಿ ಟ್ಯಾಂಕರ್ ದಾರಿ ಕಾಯ್ತಾಳ, ಬರದ ನಾಡಿನಾಕಿ ನಾ ಆಕಿಗೆ ಸಮಾಧಾನ ಹೇಳ್ತೀನಿ! ಇದನ್ನ ನಿನ್ನ ಮುಂದ ಹೇಳಬೇಕು ಅಂತನ ಈ ಪತ್ರ ಹಿಡದೀನಿ, ಗಾಡಿದು ಬರೇ ನೆವ.

ರೊಕ್ಕ ಕೊಡಾಕ ಹೋದ್ರ ಮಾರಿ ಸಣ್ಣದು ಮಾಡಿದಳು. ಸುಗ್ಗ್ಯಾಗ ಒಣದ್ರಾಕ್ಷಿ ಕಳಸ್ತೀನಿ ಅಂತ ಪತ್ತೆ ಬರಸಿಕೊಂಡೀನಿ. ಕಳಸೂದು ನಿನ್ನ ಮ್ಯಾಲ, ಹಳದಿ ಅಲ್ಲ, ಹಸರು ಕಾಳು ಆರಿಸಿ ಇಡು.

ಗಾಡಿ? ನಾವು ಬಾವಿ ಕಟ್ಟಿ ಮ್ಯಾಲ ಕುಂತಾಗ ಯಾರೂ ಏನೂ ಮಾಡದ ತಾನ ಆರಿ, ಒಂದ ಚಾವಿಗೆ ಚಾಲೂ ಆತು. ತಾವ ರಿಪೇರಿ ಮಾಡಿದ್ವಿ ಅಂತ ಎಲ್ಲಾರೂ ಕೈಕೈ ಹಿಡದು ಕುಲುಕಿದ್ರು.

ಮುಂಜಾನೆ ಐದಕ್ಕ

ಪೆನ್ ಹಿಡಕೊಂಡ ನಿದ್ದಿ ಹತ್ತಿತ್ತು. ಭಾವ ಆಗಲೇ ಎದ್ದು ಕೆಳಗ ಗಾಡಿಗೆ ನೀರು, ಆಯಿಲ್ ನೋಡಾಕ ಹೋಗ್ಯಾರ. ಮರವಂತೆ ಬಗ್ಗೆ ಬರೀಲಿಲ್ಲ. ಒಂದು ಕಡಿ ಸಮುದ್ರ, ಒಂದು ಕಡಿ ಸೌಪರ್ಣಿಕಾ ಹೊಳಿ, ನಡುವ ನಮ್ಮ ರಸ್ತೆ, ಉಳಿದದ್ದು ನೀ ಮೊಬೈಲಿನ್ಯಾಗ ನೋಡು. ಇವತ್ತ ಉಡುಪಿ, ನಾಳಿ ಧರ್ಮಸ್ಥಳ. ಅಲ್ಲೆ ಮಂಜೂಷಾ ಸಂಗ್ರಹಾಲಯದ ಹಳೇ ಕಾರು ನೋಡಿದ ಮ್ಯಾಲ ಇವ್ರನ್ನ ಹೊರಗ ಕರ್ಕೊಂಡು ಬರೂದು ಹೆಂಗ ಅಂತ ಈಗಿಂದ ಚಿಂತಿ.

ಇನ್ನೊಂದು ಹೊಸಾ ಹುಚ್ಚು ಹತ್ತೈತಿ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ಅಂತ ಬ್ಯಾರೆ ನೋಂದಣಿ ಕೊಡ್ತಾರಂತ, ಹೊಸದಾಗಿ ನೋಂದಣಿ ಮಾಡಿಸಿದ್ರ ನಂಬರ್ ಪಾಟಿ ಮ್ಯಾಲ "ವಿ.ಎ." ಅಂತ ಬರ್ತೈತಿ, ಅದಕ್ಕ 20,000 ರೂಪಾಯಿ. ಮಾಡಿಸಿದ್ರ ಗಾಡಿ ದಿನದ ಬಳಕಿಗೆ ತಗಿಯಂಗಿಲ್ಲ, ಪ್ರದರ್ಶನ, ರ್‍ಯಾಲಿಗಷ್ಟ. ಹಂಗಾರ ಮಂಗಳವಾರದ ಸಂತಿಗೆ ನಮ್ಮಿಬ್ಬರನ್ನ ಯಾರು ಒಯ್ಯೂದು ಅಂತ ಕೇಳಿದೆ. ಬಸ್ ಐತೆಲ್ಲ ಅಂದ್ರು. ಈ ಮಾತು ಅತ್ತಿ ಕಿವಿಗೆ ಹಾಕು, ಅವ್ರ ಮುರೀತಾರ ಈ ಹುಚ್ಚು.

ಅತ್ತಿ ಬಿ.ಪಿ. ಗುಳಗಿ ತೀರಿರಬೇಕು, ಚೀಟಿ ದೇವರ ಗೂಡಿನ್ಯಾಗ ಪಂಚಾಂಗದ ಕೆಳಗ ಐತಿ. ಎಳ್ಳ ಅಮಾಸಿಗೆ ನಾವು ಊರಾಗ ಇರ್ತೀವಿ. ಸಜ್ಜಿ ಹಿಟ್ಟು ಬೀಸಿ ಇಡು, ಶೇಂಗಾ ಹೋಳಿಗಿ ನಾ ಬಂದು ಮಾಡ್ತೀನಿ, ಚರಗಾ ಚೆಲ್ಲಾಕ ಹೊಲಕ್ಕ ಈ ಗಾಡ್ಯಾಗ ಹೋಗೂಣು ಅಂತ ಭಾವ ಅಂತಾರ, ನಾ ಚಕ್ಕಡಿ ಅಂದೀನಿ. ನೀ ಹೇಳಿದ್ದ ಸೀರಿ ಇಲ್ಲಿ ಪ್ಯಾಟ್ಯಾಗ ನೋಡಿದೆ, ದಡಿ ಚಲೋ ಐತಿ, ಆದ್ರ ನೀ ಅಂದ ಗಿಣಿಹಸರು ಇಲ್ಲ, ಅವ್ನು ತೋರಿಸಿದ್ದು ಎಲಿಹಸರು, ತಗೊಳ್ಳಲೋ ಬ್ಯಾಡೋ ಅಂತ ಉಡುಪಿ ಮುಟ್ಟಿ ಫೋನ್ ಹಚ್ತೀನಿ, ಅಷ್ಟರಾಗ ನೀ ಒಂದ್ಸಲ ನನ್ನ ಟ್ರಂಕಿನ್ಯಾಗ ಆ ಜಂಪರ್ ಬಟ್ಟಿ ತಗದು ನೋಡು, ಅದಕ್ಕ ಇದು ಹೊಂದತೈತೇನು ಅಂದ್ರ... ಕೆಳಗ ಹಾರ್ನ್ ಹೊಡಿಯಾಕತ್ತಾರ, ಇವ್ರಿಗೆ ಐದು ನಿಮಿಷ