ಕೊನೆಯ ಹತ್ತು ಮೀಟರ್

ಐರ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಸ್ಲೈಗೊ ಎಂಬ ಪಟ್ಟಣವಿದೆ. ಅದರ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ, ಬೋರಲು ಹಾಕಿದ ಬಾಣಲೆಯಂತೆ ಒಂದು ಗುಡ್ಡ. ಹೆಸರು ನಾಕ್‌ನರೇ. ಎತ್ತರ 327 ಮೀಟರ್, ಅಷ್ಟೇ. ಚಿಕ್ಕಮಗಳೂರಿನ ಕಡೆಯಿಂದ ನರ್ಸ್ ಕೆಲಸಕ್ಕೆಂದು ಆ ಊರಿಗೆ ಬಂದ ತಾಯಿಯೊಬ್ಬರಿಗೆ ಅದು ನಗುವಿನ ವಿಷಯವಾಗಿತ್ತು. 1,930 ಮೀಟರಿನ ಮುಳ್ಳಯ್ಯನಗಿರಿಯನ್ನು ನೋಡುತ್ತ ಬೆಳೆದವರಿಗೆ ಇದೂ ಒಂದು ಬೆಟ್ಟವೇ? ಬಂದು ಹದಿನಾಲ್ಕು ವರ್ಷವಾದರೂ ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಒಮ್ಮೆಯೂ ಹತ್ತಿರಲಿಲ್ಲ.

ಜೂನ್ ತಿಂಗಳ ಕೊನೆಯ ಒಂದು ಸಂಜೆ ಮಗನೇ ಕರೆದ. ಮನೆಯಲ್ಲಿ ಮೂರು ದಿನದಿಂದ ಮಾತು ಕಡಿಮೆಯಾಗಿತ್ತು.

ಕಾರಣ ಒಂದು ಪಟ್ಟಿ. ಐರ್ಲೆಂಡಿನಲ್ಲಿ ಶಾಲೆಯ ಕೊನೆಗೆ ಬರೆಯುವ 'ಲೀವಿಂಗ್ ಸರ್ಟಿಫಿಕೇಟ್' ಪರೀಕ್ಷೆ ನಮ್ಮ ದ್ವಿತೀಯ ಪಿಯುಸಿ ಇದ್ದ ಹಾಗೆ. ಆರು ವಿಷಯಗಳ ಅಂಕ ಕೂಡಿಸಿ, ಗಣಿತದ ಹೆಚ್ಚುವರಿ 25 ಸೇರಿದರೆ ಗರಿಷ್ಠ 625 ಪಾಯಿಂಟ್. ತನಗೆ ಬೇಕಾದ ಕೋರ್ಸುಗಳನ್ನು ವಿದ್ಯಾರ್ಥಿ ಮೊದಲೇ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು. ಪಟ್ಟಿಯಲ್ಲಿ ಮೇಲಿನಿಂದ ಯಾವ ಕೋರ್ಸಿಗೆ ಅರ್ಹತೆ ಸಿಗುತ್ತದೋ ಅದನ್ನೇ ಕೊಡುತ್ತಾರೆ. ಅದರ ಕೆಳಗಿನದು ಆಮೇಲೆ ಸಿಗದು. ಕ್ರಮ ಬದಲಿಸಲು ಜುಲೈ 1 ಕೊನೆಯ ದಿನ. ಮಗ ಪುರಾತತ್ವವನ್ನು ಮೊದಲು ಬರೆದಿದ್ದ, ಫಾರ್ಮಸಿಯನ್ನು ಎರಡನೆಯದಾಗಿ. ತಾಯಿ ಅದನ್ನು ತಿರುವು ಮುರುವು ಮಾಡು ಎಂದಿದ್ದರು. "ಫಾರ್ಮಸಿಗೆ ಸಾಲುವಷ್ಟು ಪಾಯಿಂಟ್ ಬಂದೇ ಬರುತ್ತೆ ನಿಂಗೆ. ಮಣ್ಣು ಅಗೆಯೋದಕ್ಕಾ ಇಷ್ಟು ಓದಿದ್ದು?"

ಬೆಳಗಿನ ಪಾಳಿ ಮುಗಿಸಿ, ಊಟ ಮಾಡಿ, ಏಳು ಗಂಟೆಗೆ ಹೊರಟರು. ಆ ಅಕ್ಷಾಂಶದಲ್ಲಿ ಜೂನ್ ಕೊನೆಗೆ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಕ್ಯಾರೋಮೋರ್ ಎಂಬಲ್ಲಿ, ದನ ಮೇಯುವ ಹುಲ್ಲಿನ ನಡುವೆ, ಕಲ್ಲಿನ ವೃತ್ತಗಳೂ ಚಪ್ಪಡಿ ಹೊದಿಸಿದ ಪ್ರಾಚೀನ ಸಮಾಧಿಗಳೂ ಕಂಡವು. ಮಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

ಕಾರು ನಿಲ್ಲಿಸಿದ ಜಾಗದಿಂದ ಮೇಲಕ್ಕೆ ಕಲ್ಲುಹಾದಿ. ಗುಡ್ಡ ಸುಣ್ಣಕಲ್ಲಿನದು, ಮಳೆನೀರು ಹರಿದು ದಾರಿಯ ಕಲ್ಲುಗಳು ನುಣುಪಾಗಿದ್ದವು. 327 ಮೀಟರ್ ಎಂದು ನಕ್ಕಿದ್ದ ತಾಯಿ ಅರ್ಧ ದಾರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮುಳ್ಳಯ್ಯನಗಿರಿಯಲ್ಲಾದರೆ ವಾಹನ ಬಹುಪಾಲು ಎತ್ತರವನ್ನು ತಾನೇ ಏರಿಸಿಬಿಡುತ್ತದೆ. ಇಲ್ಲಿ ಬುಡವೇ ಸಮುದ್ರದ ಹತ್ತಿರ. ಹತ್ತಿದ್ದೆಲ್ಲ ಕಾಲಿನ ಲೆಕ್ಕಕ್ಕೇ.

"ಕೂತ್ಕೊಳಮ್ಮಾ, ಅವಸರ ಇಲ್ಲ" ಎಂದ ಮಗ. ಮೂರು ದಿನದಲ್ಲಿ ಅದೇ ಅವನ ಮೊದಲ ಉದ್ದದ ಮಾತು.

ಮುಕ್ಕಾಲು ಗಂಟೆಯ ಮೇಲೆ ನೆತ್ತಿ ಬಂತು. ತಾಯಿ ಸುತ್ತ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಶ್ಚಿಮಕ್ಕೆ ಬರಿಯ ಸಮುದ್ರ. ಬುಡದಲ್ಲಿ ಸ್ಟ್ರಾಂಡ್‌ಹಿಲ್ ಊರು, ಅದರ ಅಂಚಿಗೆ ಬಿಳಿ ನೊರೆಯ ಗೆರೆ. ಉತ್ತರಕ್ಕೆ ಕೊಲ್ಲಿಯಾಚೆ, ಮೇಲ್ಭಾಗವನ್ನು ಕತ್ತಿಯಿಂದ ಸವರಿದಂತೆ ಚಪ್ಪಟೆಯಾದ 526 ಮೀಟರಿನ ಬೆನ್‌ಬುಲ್ಬೆನ್. ಅದರ ಅಡಿಯಲ್ಲೇ ಡ್ರಮ್‌ಕ್ಲಿಫ್ ಚರ್ಚಿನ ಅಂಗಳದಲ್ಲಿ ಕವಿ ಯೇಟ್ಸ್ ಸಮಾಧಿ. ಪೂರ್ವಕ್ಕೆ ಗಿಲ್ ಸರೋವರ, ದಕ್ಷಿಣಕ್ಕೆ ಆಕ್ಸ್ ಪರ್ವತಗಳು. ಇಷ್ಟು ಕುಳ್ಳು ಗುಡ್ಡದಿಂದ ಇಷ್ಟು ಅಗಲದ ನೋಟ ಹೇಗೆ ಎಂದರೆ, ಅದು ಒಂಟಿಯಾಗಿ ನಿಂತಿದೆ. ಎದುರಿಗೆ ಅಡ್ಡ ನಿಲ್ಲುವ ಇನ್ನೊಂದು ಬೆಟ್ಟವಿಲ್ಲ.

ನೆತ್ತಿಯ ನಡುವೆ ಒಂದು ಕಲ್ಲುಗುಪ್ಪೆ. ಸುಮಾರು 55 ಮೀಟರ್ ಅಗಲ, 10 ಮೀಟರ್ ಎತ್ತರ. ಕೊನಾಟ್ ಪ್ರಾಂತದ ರಾಣಿ ಮೇವ್ ಅದರೊಳಗೆ ನಿಂತ ಭಂಗಿಯಲ್ಲೇ, ಕೈಯಲ್ಲಿ ಭರ್ಜಿ ಹಿಡಿದು, ಶತ್ರುಗಳ ಅಲ್‌ಸ್ಟರ್ ಕಡೆಗೆ ಮುಖ ಮಾಡಿಕೊಂಡಿದ್ದಾಳೆ ಎಂದು ಜನರ ನಂಬಿಕೆ. ಗುಪ್ಪೆ ಮಾತ್ರ ಆ ಕತೆಗಿಂತ ಬಹಳ ಹಳೆಯದು. ಸುಮಾರು ಐದು ಸಾವಿರ ವರ್ಷ ಹಿಂದೆ, ಬೇಸಾಯ ಕಲಿತ ಜನ ಸಾವಿರಾರು ಟನ್ ಕಲ್ಲನ್ನು ಪೇರಿಸಿ ಕಟ್ಟಿದ್ದು.

ಇಷ್ಟು ದೂರ ಬಂದ ಮೇಲೆ ತುತ್ತತುದಿ ಮುಟ್ಟದೆ ಬಿಡುವುದೇ? ತಾಯಿ ಗುಪ್ಪೆಯ ಕಡೆ ನಡೆದರು. ಮಗ ಕೈ ಹಿಡಿದ.

"ಬೇಡಮ್ಮಾ. ಅದರ ಮೇಲೆ ಹತ್ತಬಾರದು ಅಂತ ಬೋರ್ಡ್ ಹಾಕಿದಾರೆ. ಹತ್ತಿ ಹತ್ತಿ ಕಲ್ಲು ಜಾರ್ತಾ ಇದೆ."

"ಒಳಗೆ ಏನು ಸಿಕ್ತಂತೆ?"

"ಗೊತ್ತಿಲ್ಲ. ಇದುವರೆಗೆ ಅಗೆದೇ ಇಲ್ಲ. ಒಂದು ಓಣಿ, ಅದರ ತುದೀಲಿ ಕೋಣೆ ಇರಬೇಕು ಅಂತಾರೆ."

"ಒಂದ್ಸಲ ತೆಗೆದು ನೋಡಿಬಿಟ್ರೆ ಆಯ್ತಪ್ಪ!"

ಮಗ ನಕ್ಕ. "ಪುರಾತತ್ವ ಅಂದ್ರೆ ಬರೀ ಅಗೆಯೋದಲ್ಲಮ್ಮಾ. ಅಗೆದ ಜಾಗ ಮತ್ತೆ ಮೊದಲಿನ ಹಾಗಾಗಲ್ಲ. ಮುಂದೆ ಬರೋರ ಹತ್ರ ಇನ್ನೂ ಒಳ್ಳೆ ಉಪಕರಣ ಇರಬಹುದು. ಅಲ್ಲಿವರೆಗೆ ಬಿಟ್ಟುಬಿಡೋದೂ ಕೆಲಸಾನೇ."

ಈ ಪ್ರಾಚೀನ ಸಮಾಧಿಗಳ ಪ್ರದೇಶ ಯುನೆಸ್ಕೊ ಪರಂಪರೆಗಾಗಿ ಐರ್ಲೆಂಡ್ ಸಿದ್ಧಪಡಿಸಿದ ತಾತ್ಕಾಲಿಕ ಪಟ್ಟಿಗೆ ಸೇರಿತೆಂದು ಹೇಳುವಾಗ ಅವನ ಕಣ್ಣು ಬೇರೆಯೇ ಆಗಿತ್ತು. ಮನೆಯ ಊಟದ ಮೇಜಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗ ಇವನೇ ಏನು? ಆಮೇಲೆ ಅವನೇ ಕೇಳಿದ: "ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ನೋಡಿದೀಯಾ? ಅಲ್ಲಿ ನೂರಾರು ಶಿಲಾಸಮಾಧಿ ಇವೆ."

ತಾಯಿ ಆ ಹೆಸರನ್ನೇ ಕೇಳಿರಲಿಲ್ಲ. ತನ್ನ ನಾಡಿನ ಸಂಗತಿಯನ್ನು ಸಮುದ್ರದಾಚೆ ಬೆಳೆದ ಮಗ ತನಗೆ ಹೇಳುತ್ತಿದ್ದಾನೆ.

ಗಾಳಿ ಜೋರಾಯಿತು. ಇಬ್ಬರೂ ಗುಪ್ಪೆಯ ಸುತ್ತ ಒಂದು ಸುತ್ತು ನಡೆದರು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬಂದ ಹಾಗೆ. ಮೇಲಿನ ಹತ್ತು ಮೀಟರ್ ಹಾಗೆಯೇ ಉಳಿಯಿತು. ಅದರಿಂದ ನೋಟಕ್ಕೇನೂ ಕೊರತೆಯಾಗಲಿಲ್ಲ.

ಇಳಿಯುವಾಗ ತಾಯಿ ಪಟ್ಟಿಯ ಮಾತು ತೆಗೆಯಲಿಲ್ಲ. ಮಗನ ಭುಜ ಹಿಡಿದು, ಜಾರುವ ಕಲ್ಲು ನೋಡಿಕೊಂಡು ಇಳಿದರು. ಕಾರಿನ ಹತ್ತಿರ ಬಂದಾಗ ಮಾತ್ರ, "ಹಿರೇಬೆಣಕಲ್‌ಗೆ ಚಿಕ್ಕಮಗಳೂರಿಂದ ಎಷ್ಟು ದೂರ ಆಗುತ್ತೋ?" ಎಂದರು.

ಜುಲೈ 1 ಬಂದು ಹೋಯಿತು. ಫಲಿತಾಂಶಕ್ಕೆ ಆಗಸ್ಟ್‌ವರೆಗೆ ಕಾಯಬೇಕಿತ್ತು. ಪಟ್ಟಿಯ ಮೊದಲ ಸಾಲು ಮಾತ್ರ ಮಗ ಬರೆದ ಹಾಗೆಯೇ ಇತ್ತು.